ಸರೀರಿ, ಬೆಳಕು ಬರ್ಲಿ!

"ಇನ್ನ ಮ್ಯಾಲೆ ಈ ಮನ್ಯಾಗ ಯಾರೂ ಕ್ಯಾಮರಾ ನೋಡಿ ಹಲ್ಲು ಕಿಸಿಯೂಹಂಗಿಲ್ಲ!"

ಒಂದು ರವಿವಾರ ಬೆಳಿಗ್ಗೆ ಸಂಕರ್ಷಣರಾಯರು ಚಹಾದ ಕಪ್ಪನ್ನು ರಾಜದಂಡದ ಹಾಗೆ ಎತ್ತಿ ಹಿಡಿದು ಹೀಗೆ ಘೋಷಿಸಿದರು. "ನಾ ತಗಿಯೂದು ಫೋಟೋ ಅಲ್ಲ ಗೌತಮಿ, ಚಿತ್ರ! ಹಳೇ ಕಾಲದ ತೈಲಚಿತ್ರ! ಕುಕ್ಕರ್ ಇರ್ಲಿ, ಮಿಕ್ಸರ್ ಇರ್ಲಿ, ನೀ ಇರ್ಲಿ, ಎಲ್ಲಾ ಅರಮನಿ ಗ್ವಾಡಿಗೆ ತೂಗು ಹಾಕೂಹಂಗ ಬರಬೇಕು!"

"ಮಿಕ್ಸರ್ ಆದ ಮ್ಯಾಲಾದ್ರೂ ನನ್ನ ನಂಬರ್ ಬಂತಲ್ಲ, ಪುಣ್ಯಾ" ಎಂದಳು ಗೌತಮಿ, ರೊಟ್ಟಿಯ ಹಿಟ್ಟು ನಾದುತ್ತ.

ರಾಯರು ಸಿಂದಗಿಯ ವಿದ್ಯುತ್ ಕಚೇರಿಯಲ್ಲಿ ಅಧಿಕಾರಿ. ಸುತ್ತಲಿನ ಹಳ್ಳಿಗಳಿಗೆಲ್ಲ ಬೆಳಕು ಹಂಚುವುದು ಅವರ ಉದ್ಯೋಗ. ಅಂಥವರಿಗೆ ಕತ್ತಲೆಯ ಮೇಲೆ ಮೋಹ ಹುಟ್ಟಿತು ಎಂದರೆ ನೀವು ನಗುತ್ತೀರಿ. ಆದರೆ ದೀಪದ ಬುಡದಲ್ಲಿ ಕತ್ತಲೆ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಹಿಂದಿನ ವಾರ ದುರಸ್ತಿಗೆಂದು ಅವರೇ ಲೈನು ಬಂದ್ ಮಾಡಿಸಿದ್ದರು. ಕಚೇರಿಯ ಒಳಗೆ ಮಧ್ಯಾಹ್ನದಲ್ಲೂ ಮಬ್ಬು. ಕಿಟಕಿಯ ಒಂದೇ ಕದ ತೆರೆದಿತ್ತು. ಅದರ ಪಕ್ಕ ಲೈನ್‌ಮನ್ ಫಕೀರಸಾಬ ಬುತ್ತಿ ಬಿಚ್ಚಿ ಕೂತಿದ್ದ. ಆ ಒಂದು ತುಂಡು ಬೆಳಕು ಅವನ ಹಣೆಯ ಮೇಲೆ, ಬಿಳಿ ಗಡ್ಡದ ಮೇಲೆ, ಕೈಯಲ್ಲಿದ್ದ ರೊಟ್ಟಿಯ ಅಂಚಿನ ಮೇಲೆ ಬಿದ್ದಿತ್ತು. ಸುತ್ತ ಕತ್ತಲೆ. ಪಕ್ಕದಲ್ಲಿದ್ದ ಪ್ಲಾಸ್ಟಿಕ್ ನೀರಿನ ಬಾಟಲಿ ಕೂಡ ರಾಜರ ಮನೆಯ ಗಾಜಿನ ಹೂಜಿಯಂತೆ ಹೊಳೆಯುತ್ತಿತ್ತು.

ರಾಯರಿಗೆ ಮೈ ಜುಮ್ಮೆಂದಿತು. ಕಾಲೇಜಿನಲ್ಲಿದ್ದಾಗ ಗ್ರಂಥಾಲಯದ ಒಂದು ದಪ್ಪ ಪುಸ್ತಕದಲ್ಲಿ ಹಿಂದಿನ ಶತಮಾನಗಳ ತೈಲಚಿತ್ರಗಳನ್ನು ನೋಡಿ ಬೆರಗಾಗಿದ್ದರು. ಅಂಥದ್ದೇ ಒಂದು ಚಿತ್ರ ಜೀವಂತವಾಗಿ ಎದುರಿಗೆ ಕೂತು ಉಳ್ಳಾಗಡ್ಡಿ ಕಡಿಯುತ್ತಿತ್ತು!

"ಫಕೀರಸಾಬ, ಅಲುಗಾಡಬ್ಯಾಡ!" ಎಂದು ಕೂಗಿದರು.

ಫಕೀರಸಾಬ ರೊಟ್ಟಿ ಬಿಟ್ಟು ಬೆಂಚಿನ ಮೇಲೆ ಹಾರಿ ನಿಂತ. "ಎಲ್ಲೈತ್ರೀ ಸಾಹೇಬ್ರ, ಹಾವು?"

ಮೊದಲ ಚಿತ್ರ ಹಾಗೆ ತಪ್ಪಿತು. ಆದರೆ ರೋಗ ಅಂಟಿಕೊಂಡಿತು. ಮನೆಯಲ್ಲಿ ಹಗಲು ಹೊತ್ತು ದೀಪ ಹಚ್ಚಬಾರದು ಎಂಬ ಕಾನೂನು ಬಂತು. ಒಂದು ಕಿಟಕಿ ಬಿಟ್ಟು ಉಳಿದವುಗಳಿಗೆಲ್ಲ ಕಂಬಳಿ! ಮೇಜಿನ ಮೇಲೆ ಬಾಳೆಹಣ್ಣು, ಟೊಮೆಟೊ, ಮೊಬೈಲ್ ಚಾರ್ಜರು, ಅರ್ಧ ಮುಗಿದ ಶಾಂಪೂ ಬಾಟಲಿ ಇವೆಲ್ಲ ಕಲಾತ್ಮಕವಾಗಿ ಕೂತವು. ಬೆಳಕು ಸರಿಯಾಗಿ ಕೂಡಿಬರುವ ತನಕ ಅವನ್ನು ಯಾರೂ ಮುಟ್ಟುವಂತಿಲ್ಲ. ಬೆಳಕು ಕೂಡಿಬರಲಿಲ್ಲ, ಬಾಳೆಹಣ್ಣು ಕರ್ರಗಾದವು.

"ಹಣ್ಣು ಕೆಟ್ಟುವಲ್ರೀ!"

"ಕೆಟ್ಟಿಲ್ಲ, ಬಣ್ಣ ಗಾಢ ಆಗ್ಯಾವ!"

ಗೌತಮಿ ಕುಕ್ಕರಿನ ಮುಚ್ಚಳ ಹಿಡಿದು, ಕಿಟಕಿಯತ್ತ ಮುಖ ಮಾಡಿ, ನಗದೆ, ಅಳದೆ, ಅನಂತವನ್ನು ನೋಡುವವಳ ಹಾಗೆ ನಿಲ್ಲಬೇಕಾಯಿತು. ಅನಂತದಲ್ಲಿ ಅವಳಿಗೆ ಕಂಡದ್ದು ಎದುರು ಮನೆಯ ಭೀಮಶ್ಯಾ. ಅವನು ಹಲ್ಲುಜ್ಜುತ್ತ ಅವಳನ್ನೇ ನೋಡುತ್ತಿದ್ದ. "ಅಕ್ಕಾರ, ಆರಾಮ ಇಲ್ಲೇನ್ರಿ?" ಎಂದು ಅವನು ಕೇಳಿದ ಮೇಲೆ ಅವಳು ರೂಪದರ್ಶಿಯ ಕೆಲಸಕ್ಕೆ ರಾಜೀನಾಮೆ ಕೊಟ್ಟಳು.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಅದೇ ಹೊತ್ತಿಗೆ ಇಂಡಿಯಿಂದ ಫೋನು ಬಂತು. ಗೌತಮಿಯ ತವರು ಇಂಡಿ. ಅವಳ ತಂಗಿ ಮುಕ್ತಾಳಿಗೆ ಏಳು ತಿಂಗಳು. ತವರಲ್ಲಿ ಕುಬಸ ಇಟ್ಟುಕೊಂಡಿದ್ದರು. ಬಸುರಿಗೆ ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಬಂದವರೆಲ್ಲ ಆಯೇರಿಯೆಂದು ಸೀರೆ-ಖಣ ಕೊಟ್ಟು ಉಂಡು ಹೋಗುವ ಸಡಗರ. ಮುಕ್ತಾಳ ಅತ್ತೆ ಮನೆಯವರು ಮುದ್ದೇಬಿಹಾಳದಿಂದ ಬರುವವರಿದ್ದರು.

ಅದಕ್ಕಿಂತ ದೊಡ್ಡ ಸುದ್ದಿ ಬೇರೆ ಇತ್ತು. ಬಸವನ ಬಾಗೇವಾಡಿಯ ಮಾವಶಿ ಬರುವವಳಿದ್ದಳು!

ಈ ಮಾವಶಿಯ ಕಥೆ ಹೇಳಲೇಬೇಕು. ಗೌತಮಿಯ ತಾಯಿ, ಅಂದರೆ ರಾಯರ ಅತ್ತೆ, ರಂಗೂಬಾಯಿ. ಅವರ ಅಕ್ಕ ತುಂಗಾಬಾಯಿಯೇ ಈ ಮಾವಶಿ. ಒಂದೇ ತಾಟಿನಲ್ಲಿ ಉಂಡು ಬೆಳೆದವರು. ಅವರ ತಾಯಿಯ ಬಳಿ ಒಂದು ಹಿತ್ತಾಳೆ ಹಂಡೆ ಇತ್ತು. ಮನೆಯ ಬಾಣಂತಿಯರಿಗೆಲ್ಲ ಅದರಲ್ಲೇ ನೀರು ಕಾಯಿಸಿದ್ದು, ಇವರಿಬ್ಬರೂ ಹುಟ್ಟಿದಾಗ ಮಿಂದದ್ದು ಅದರ ನೀರಿನಲ್ಲೇ. ತಾಯಿ ತೀರಿಕೊಂಡ ಮೇಲೆ ರಂಗೂಬಾಯಿ ಹಂಡೆಯನ್ನು ಇಂಡಿಗೆ ತಂದರು. "ಅವ್ವ ಅದನ್ನ ನನಗ ಕೊಡ್ತೇನಿ ಅಂದಿದ್ಲು" ಎಂದರು ತುಂಗಾಬಾಯಿ. "ನನ್ನ ಮುಂದ ಅಂದಿಲ್ಲ" ಎಂದರು ರಂಗೂಬಾಯಿ. ಮುಗಿಯಿತು! ಬಾಗೇವಾಡಿಗೂ ಇಂಡಿಗೂ ಬಸ್ಸು ಓಡಾಡಿದವು, ಮಾತು ಓಡಾಡಲಿಲ್ಲ. ಮದುವೆ, ಮುಂಜಿ ಎಲ್ಲ ಒಬ್ಬರನ್ನೊಬ್ಬರು ನೋಡದೆ ಆದವು. ಹತ್ತು ವರ್ಷ ಗೌತಮಿ ಇಬ್ಬರ ನಡುವೆ ಫೋನಿನಲ್ಲಿ ಗೋಗರೆದು ಗಂಟಲು ನೋಯಿಸಿಕೊಂಡಿದ್ದಳು. ಈಗ ರಂಗೂಬಾಯಿ ಮೆತ್ತಗಾಗಿದ್ದರು. ಕುಬಸದ ದಿನ ಆ ಹಂಡೆಯನ್ನೇ ಅಕ್ಕನ ಕೈಗೆ ಆಯೇರಿಯಾಗಿ ಒಪ್ಪಿಸುವುದು ಎಂದು ನಿಶ್ಚಯವಾಗಿತ್ತು.

ಫೋಟೋಕ್ಕೆ ಇಂಡಿಯ ಸ್ಟುಡಿಯೋದ ಹಾಜಿಮಲಂಗನಿಗೆ ಹೇಳಿಯೂ ಆಗಿತ್ತು. ರಾಯರು ತಾವೇ ಅವನಿಗೆ ಫೋನು ಮಾಡಿ ಬರುವುದು ಬೇಡ ಎಂದರು.

"ಅವನ ಫ್ಲ್ಯಾಶ್ ಹೊಡದ್ರ ಎಲ್ಲಾರ ಮುಖಕ್ಕೂ ಸುಣ್ಣ ಬಳದಂಗ ಆಗ್ತದ. ನಾ ಇದ್ದೇನಲ್ಲ!"

ಗೌತಮಿ ಗಂಡನ ಮುಂದೆ ಬಂದು ನಿಂತಳು. ಅವಳ ದನಿ ಬದಲಾಗಿತ್ತು. "ನೋಡ್ರಿ, ನೀವು ಬಾಳೆಹಣ್ಣೂ ತಗೀರಿ, ಬಕೀಟೂ ತಗೀರಿ. ಆದ್ರ ನಮ್ಮವ್ವ ಮತ್ತ ಮಾವಶಿ ಒಂದಾಗೂ ಆ ಒಂದು ಫೋಟೋ ಮಾತ್ರ ತಪ್ಪಸಬ್ಯಾಡ್ರಿ. ಹತ್ತು ವರ್ಷದಿಂದ ಕಾದೇನಿ."

"ಗೌತಮಿ! ಆ ಚಿತ್ರ ನೋಡಿ ಮುಂದಿನ ಪೀಳಿಗೆ ಕಣ್ಣೀರು ಹಾಕ್ತದ!" ಎಂದರು ರಾಯರು, ಎದೆ ಉಬ್ಬಿಸಿ.

ಕುಬಸದ ದಿನ ರಾಯರು ಇಂಡಿಯ ಮನೆ ಹೊಕ್ಕವರೇ ಮಾಡಿದ ಮೊದಲ ಕೆಲಸ ಪಡಸಾಲೆಯ ಟ್ಯೂಬ್‌ಲೈಟು ಆರಿಸಿದ್ದು. ಮುದ್ದೇಬಿಹಾಳದ ಬೀಗತಿ ಕತ್ತಲಲ್ಲಿ ತಡವರಿಸಿ ಪ್ಲಾಸ್ಟಿಕ್ ಕುರ್ಚಿ ಹುಡುಕಿ ಕೂತರು. "ಅಳಿಯಂದ್ರು ಕರೆಂಟಿನ ಆಫೀಸರ್ ಅಂದಿದ್ರಿ. ಅವ್ರ ಅತ್ತಿ ಮನ್ಯಾಗs ಕರೆಂಟ್ ಇಲ್ಲೇನ್ರಿ?" ಎಂದು ಕೇಳಿದರು.

"ಅದ ರೀ. ಕಲಾ ಸಲುವಾಗಿ ತಗದಾರ" ಎಂದರು ರಂಗೂಬಾಯಿ, ಹಲ್ಲು ಕಚ್ಚಿ.

ರಾಯರಿಗೆ ಇದಾವುದೂ ಕೇಳಲಿಲ್ಲ. ಸಿಕ್ಕದ್ದನ್ನೆಲ್ಲ ತೆಗೆಯುತ್ತ ಬಂದ ಅವರ ಕಣ್ಣು ಈಗ ಹಂಡೆಯ ಮೇಲೆ ಬಿದ್ದಿತ್ತು. ಬಾಗಿಲಿಗೆ ಎದುರಾಗಿ, ಪಡಸಾಲೆಯ ಆ ತುದಿಯಲ್ಲಿ, ಮಣೆಯ ಮೇಲೆ ಕುಂಕುಮ ಹಚ್ಚಿಸಿಕೊಂಡು ಅದು ಕೂತಿತ್ತು. ರಂಗೂಬಾಯಿ ಹುಣಸೆಹಣ್ಣು ಹಚ್ಚಿ ಅದನ್ನು ಎಷ್ಟು ತಿಕ್ಕಿದ್ದರೆಂದರೆ ಹತ್ತು ವರ್ಷದ ಹಠವೆಲ್ಲ ಅದರೊಟ್ಟಿಗೆ ತೊಳೆದುಹೋದಂತಿತ್ತು. ತೆರೆದ ಬಾಗಿಲಿನ ಬಿಸಿಲು ಅದರ ದುಂಡು ಹೊಟ್ಟೆಯ ಮೇಲೆ ಬಿದ್ದು ಇಡೀ ಮೂಲೆ ಬಂಗಾರವಾಗಿತ್ತು. ಇಷ್ಟು ಚೆಲುವು ಬಚ್ಚಲುಮನೆಯ ಒಂದು ಪಾತ್ರೆಯಲ್ಲಿ ಅಡಗಿತ್ತೇ ಎಂದು ನಿಜವಾಗಿಯೂ ರಾಯರ ಕಣ್ಣು ತುಂಬಿ ಬಂತು.

ಕೂಡಲೇ ಹಂಡೆಯ ಹಿಂದೆ ಕರಿಯ ಕಂಬಳಿ ಇಳಿಬಿಟ್ಟರು.

"ಶುಭಕಾರ್ಯದಾಗ ಕರೇ ಕಂಬಳಿ ಏನ್ರಿ!" ಎಂದು ಒಳಗಿನಿಂದ ಅತ್ತೆಯ ದನಿ.

"ಕರಿದು ಇದ್ರs ಬಂಗಾರ ಎದ್ದು ಕಾಣೂದು ಅತ್ತಿಯವರ!"

ಆಮೇಲೆ ಮೊಣಕಾಲೂರಿ ಕೂತು, ಮೊಬೈಲಿನ ಪರದೆ ಕಾಣಲೆಂದು ತಲೆಯ ಮೇಲೆ ಟವೆಲ್ಲು ಹೊದ್ದು, ಮೊಬೈಲನ್ನು ಹಂಡೆಯ ಹೊಟ್ಟೆಯ ಮಟ್ಟಕ್ಕೆ ಹಿಡಿದು ಧ್ಯಾನಸ್ಥರಾದರು. ಇನ್ನೇನು ಒತ್ತಬೇಕು, ಹಂಡೆಯ ಮೇಲೆ ನೆರಳು ಬಿತ್ತು. ಯಾರೋ ಬಾಗಿಲಿಗೆ ಅಡ್ಡ ನಿಂತಿದ್ದರು.

"ಬಾಗಿಲಾಗ ಯಾರದು? ಸರೀರಿ, ಬೆಳಕು ಬರ್ಲಿ!" ಎಂದರು ರಾಯರು, ತಿರುಗಿ ನೋಡದೆ.

ನೆರಳು ಪಕ್ಕಕ್ಕೆ ಸರಿಯಿತು. ಅಡುಗೆಮನೆಯ ಕಡೆಯಿಂದ ಯಾರೋ ದಡದಡ ಬಂದ ಸಪ್ಪಳವಾಯಿತು. ಬಳೆಗಳ ಸದ್ದು. ಮೂಗೆಳೆದುಕೊಂಡ ಸದ್ದು.

"ಶ್! ಗದ್ದಲ ಬ್ಯಾಡ್ರಿ, ಕೈ ಅಲುಗಾಡ್ತದ!"

ಆ ಸದ್ದೂ ನಿಂತಿತು. ರಾಯರು ಉಸಿರು ಬಿಗಿ ಹಿಡಿದು ಒತ್ತಿದರು. "ಆಹಾ!" ಎಂದು ಟವೆಲ್ಲು ತೆಗೆದು ತಿರುಗಿ ನೋಡಿದರೆ ಬಾಗಿಲು ಖಾಲಿ. ಗೌತಮಿ ಕಣ್ಣೊರೆಸಿಕೊಳ್ಳುತ್ತ ಒಳಗಿನಿಂದ ಬಂದಳು.

"ತಗದ್ರಿಲ್ಲೋ?"

"ತಗದೆ ಗೌತಮಿ! ಏನು ಬೆಳಕು, ಏನು ಹೊಳಪು!"

"ಅವ್ವ ಅತ್ತದ್ದು ಬಂತಿಲ್ಲೋ?"

"ಯಾರತ್ರು?"

ಗೌತಮಿ ಗಂಡನ ಮುಖ ನೋಡಿದಳು, ಹಂಡೆ ನೋಡಿದಳು, ಮತ್ತೆ ಗಂಡನ ಮುಖ ನೋಡಿದಳು. "ಅಯ್ಯೋ ದೇವರ! ಮಾವಶಿ ಬಂದು ನಿಮ್ಮ ಬೆನ್ನ ಹಿಂದ ನಿಂತಿದ್ಲು! ಇಬ್ರೂ ತೆಕ್ಕಿ ಬಿದ್ದು ಅತ್ರು! ನೀವು ಹಂಡೇದ ಫೋಟೋ ತಗದ್ರಿ!"

ರಾಯರ ಕಾಲ ಕೆಳಗಿನ ನೆಲ ಸರಿಯಿತು. ಆದರೆ ಕಲಾವಿದ ಸೋಲೊಪ್ಪುತ್ತಾನೆಯೇ? "ಅದಕ್ಕೇನಾತು, ಇನ್ನೊಮ್ಮೆ ಮಾಡಸೂಣು!" ಎಂದು ಅಕ್ಕತಂಗಿಯರನ್ನು ಪಡಸಾಲೆಗೆ ಕರೆತಂದರು. ಎಲ್ಲ ಕೇಡಿಗೂ ಇದೇ ಮೂಲ.

"ಮಾವಶಿ, ನೀವು ಹೊಸ್ತಿಲ ಕಡೆ ನಿಂದರ್ರಿ. ಅತ್ತಿಯವರ, ನೀವು ಇಲ್ಲಿಂದ ಓಡಿ ಬರ್ರಿ. ಆದಷ್ಟು ಎಡಗಣ್ಣಿಲೆ ಅಳ್ರಿ, ಬೆಳಕು ಆ ಕಡೆ ಅದ."

ಅತ್ತು ಹಗುರಾದ ಮೇಲೆ ಎರಡನೇ ಸಲ ಅಳು ಎಲ್ಲಿಂದ ಬರಬೇಕು? ಇಬ್ಬರೂ ತೊಗಲುಗೊಂಬೆಗಳ ಹಾಗೆ ಕೈ ಚಾಚಿ ನಿಂತರು. ರಂಗೂಬಾಯಿ ನಕ್ಕು, "ನಾ ಮೊದಲ ಓಡಿ ಬಂದೆ, ಆಮ್ಯಾಲೆ ನೀ ಕೈ ಚಾಚಿದಿ. ಹಂಗs ಮಾಡು ಅಕ್ಕಾ" ಎಂದರು.

"ನೀ ಎಲ್ಲಿ ಮೊದಲ ಬಂದಿ? ನೀ ಒಲಿ ಮುಂದ ಇದ್ದಿ. ಬಾಗೇವಾಡಿಯಿಂದ ನಡದು ಬಂದಾಕಿ ನಾನು."

"ಬಸ್ಸಿನಾಗ ಬಂದಿ ಅಕ್ಕಾ. ಸೋತು ಮೊದಲ ಕೈ ಮುಂದ ಮಾಡಿದಾಕಿ ನಾನು. ಹಂಡೆ ತಿಕ್ಕಿ ಇಟ್ಟಾಕಿ ಯಾರು?"

"ಅಂದ್ರ ನಾ ಹಂಡೆ ಆಸೇಕ ಬಂದೆ ಅಂದಂಗಾತು!"

"ನಾ ಹಂಗಂದೇನೇನು?"

"ಇನ್ನ ಹೆಂಗ ಅನ್ನಬೇಕು? ದೊಡ್ಡಾಕಿ ನಾನು, ಮಾನ ಬಿಟ್ಟು ಬಂದ್ರ ನಿನ್ನ ಅಳಿಯ ಬಾಗಿಲಾಗ ನಿಂತಾಕಿಗೆ ಸರೀರಿ ಅಂದ! ಅತ್ರ ಗದ್ದಲ ಬ್ಯಾಡ ಅಂದ! ನಿನ್ನ ಹಂಡೆ ನಿನಗs ಇರ್ಲಿ!"

ಜಗತ್ತಿನಲ್ಲಿ ಜನ ಗೆದ್ದೆನೆಂದು ಜಗಳಾಡುತ್ತಾರೆ. ಇವರು ತಾನೇ ಮೊದಲು ಸೋತವಳು ಎಂದು ಜಗಳಕ್ಕೆ ಬಿದ್ದರು! ತುಂಗಾಬಾಯಿ ಚೀಲ ಎತ್ತಿಕೊಂಡು ಬಾಗೇವಾಡಿ ಬಸ್ಸು ಎಷ್ಟಕ್ಕೆ ಎಂದು ಕೇಳಿದರು. ಮುಕ್ತಾ ಹಸಿರು ಸೀರೆಯಲ್ಲಿ ಎದ್ದು ಬಂದು, "ಮಾವಶಿ, ನೀ ಉಣ್ಣದs ಹೋದ್ರ ನಾನೂ ಉಣ್ಣೂದಿಲ್ಲ" ಎಂದಳು. ಬಸುರಿಯನ್ನು ಉಪವಾಸ ಕೆಡವುವುದುಂಟೆ? ತುಂಗಾಬಾಯಿ ಕೂತರು. ಕೂತದ್ದು ಗೋಡೆಯ ಕಡೆ ಮುಖ ಮಾಡಿ.

ಗೌತಮಿ ಗಂಡನನ್ನು ಮೂಲೆಗೆ ಎಳೆದಳು. ಅವಳು ಸಿಟ್ಟಾಗಿದ್ದರೆ ರಾಯರು ತಡೆದುಕೊಳ್ಳುತ್ತಿದ್ದರು. ಅವಳು ಅಳುತ್ತಿದ್ದಳು. "ಹತ್ತು ವರ್ಷದಾಗ ಕೂಡಿಸಿದ್ದನ್ನ ಹತ್ತು ನಿಮಿಷದಾಗ ಮುರದ್ರಿ. ಹಾಜಿಮಲಂಗ ಬಂದಿದ್ರ ಸುಣ್ಣ ಬಳದಂಗರೆ ಒಂದು ಫೋಟೋ ಇರ್ತಿತ್ತು." ರಾಯರಿಗೆ ಹಂಡೆಯ ಒಳಗೆ ಇಳಿದು ಮುಚ್ಚಳ ಹಾಕಿಕೊಳ್ಳಬೇಕು ಎನ್ನಿಸಿತು.

ಅಡುಗೆ ಬಡಿಸಲು ಇನ್ನೂ ತಡವಿತ್ತು. ಈ ಬಿಗಿಯನ್ನು ಸಡಿಲಿಸಲೆಂದು ಬೀಗತಿ, "ಅಳಿಯಂದ್ರು ಮುಂಜಾನಿಂದ ಭಾಳ ತಗದಾರ, ಟಿವ್ಯಾಗ ಹಾಕಿ ತೋರಸ್ರಿ" ಎಂದರು. ಗೌತಮಿ ಮೊಬೈಲನ್ನು ಟಿವಿಗೆ ಜೋಡಿಸಿದಳು. ಪಡಸಾಲೆಯ ಜನ ಪರದೆಯತ್ತ ತಿರುಗಿದರು.

ಮೊದಲು ಬಂದದ್ದು ಸಾರಿನ ಬಕೆಟ್ಟು. ಆಮೇಲೆ ಮುಕ್ತಾ. ಅಂದರೆ ಮುಕ್ತಾಳ ಕೈ, ಹಸಿರು ಬಳೆ ಅಷ್ಟೇ. ಉಳಿದ ಮುಕ್ತಾ ಕತ್ತಲೆಯಲ್ಲಿದ್ದಳು. ಆಮೇಲೆ ಕಗ್ಗತ್ತಲಿನಲ್ಲಿ ಹೊಳೆಯುವ ಒಂದು ದುಂಡನೆಯ ವಸ್ತು.

"ಇದು ನನ್ನ ಕಿವಿ ಅಲ್ರೀ?" ಎಂದರು ಬೀಗತಿ. "ನಾಲ್ಕು ಸಾವಿರದ ಸೀರಿ ಉಟ್ಟು ಬಂದೇನಿ, ಬರೇ ಕಿವಿ ತಗದಾರಲ್ರಿ!"

ಕೊನೆಗೆ ಹಂಡೆ ಬಂತು. ಕರಿಯ ಹಿನ್ನೆಲೆಯಲ್ಲಿ ಅದು ಆಗತಾನೆ ಮೂಡಿದ ಸೂರ್ಯನಂತಿತ್ತು. ಗೋಡೆ ನೋಡುತ್ತಿದ್ದ ತುಂಗಾಬಾಯಿ ಕೂಡ ಕತ್ತು ಹೊರಳಿಸಿದರು. ಎಷ್ಟಾದರೂ ತಾಯಿಯ ಹಂಡೆ. ನೋಡಿದರು, ಕಣ್ಣು ಕಿರಿದು ಮಾಡಿದರು, ತಡೆಯಲಾಗಲಿಲ್ಲ.

"ನಡುವ ಅದೇನದು ಕಲಿ? ನಮ್ಮವ್ವನ ಹಂಡೆ ಹಿಂಗ ತಿಕ್ತಾರೇನು?"

"ಕಲಿ?" ರಂಗೂಬಾಯಿ ಹೂರಣದ ಕೈಯಲ್ಲೇ ಒಳಗಿನಿಂದ ಧಾವಿಸಿದರು. "ನಿನ್ನ ಸಲುವಾಗಿ ತೋಳು ಬೀಳೂತನಕ ತಿಕ್ಕೇನಿ! ತೋರ್ಸು, ಎಲ್ಲದ ಕಲಿ?"

"ಅಲ್ಲಿ ನೋಡು, ದೊಡ್ಡದು. ಅದರ ಹಿಂದ ಇನ್ನೊಂದು ಸಣ್ಣದು."

ಇಬ್ಬರೂ ಟಿವಿಗೆ ಮೂಗು ತಾಗುವಷ್ಟು ಹತ್ತಿರ ನಿಂತರು. ಗೌತಮಿ ಎರಡು ಬೆರಳಲ್ಲಿ ಚಿತ್ರವನ್ನು ಹಿಗ್ಗಿಸಿದಳು.

ದೊಡ್ಡ ಕಲೆ ಸಂಕರ್ಷಣರಾಯರು! ಹಂಡೆಯ ಹೊಟ್ಟೆಯ ನಟ್ಟನಡುವೆ, ತಲೆಗೆ ಟವೆಲ್ಲು, ಕುಂಬಳಕಾಯಿಯಷ್ಟು ಮೂಗು, ಒಂದು ಕಣ್ಣು ಮುಚ್ಚಿ, ಏಕಾಗ್ರತೆಯಲ್ಲಿ ನಾಲಿಗೆ ಹೊರಗೆ ಚಾಚಿ ಕೂತಿದ್ದರು. ಪಡಸಾಲೆ ಹೋ ಎಂದು ನಕ್ಕಿತು. ಬೀಗತಿ ಕಿವಿಯ ದುಃಖ ಮರೆತು ಹೊಟ್ಟೆ ಹಿಡಿದುಕೊಂಡರು. ಅಂಥ ಹೊತ್ತಿನಲ್ಲೂ ತುಂಗಾಬಾಯಿ ನಗು ತಡೆಯಲು ಸೆರಗು ಬಾಯಿಗೆ ಒತ್ತಿದರು.

"ತಡೀರಿ" ಎಂದಳು ಗೌತಮಿ. ಅವಳ ದನಿ ಕೇಳಿ ನಗು ನಿಂತಿತು. ಅವಳು ಇನ್ನಷ್ಟು ಹಿಗ್ಗಿಸಿದಳು.

ರಾಯರ ತಲೆಯ ಹಿಂದೆ, ಹಿತ್ತಾಳೆಯ ಬಾಗಿದ ಬಂಗಾರದ ಬೆಳಕಿನಲ್ಲಿ, ಒಂದು ಪುಟ್ಟ ಬಾಗಿಲು ತೆರೆದಿತ್ತು. ಬಾಗಿಲ ತುಂಬ ಬಿಸಿಲು. ಹೊಸ್ತಿಲ ಪಕ್ಕದಲ್ಲಿ ಇಬ್ಬರು ಮುದುಕಿಯರು. ಒಬ್ಬರ ಹೆಗಲಲ್ಲಿ ಇನ್ನೊಬ್ಬರ ಮುಖ. ಒಬ್ಬರ ಬೆನ್ನ ಮೇಲೆ ಇನ್ನೊಬ್ಬರ ಹಿಟ್ಟಿನ ಕೈ. ಬೆರಳೊಂದೊಂದೂ ಕಾಣುತ್ತಿತ್ತು. ಆದರೆ ಯಾರು ಮೊದಲು ಬಂದರು, ಯಾರು ಮೊದಲು ಸೋತರು, ಅದನ್ನು ಹಂಡೆ ಹೇಳುತ್ತಿರಲಿಲ್ಲ. ಅದರ ದುಂಡು ಹೊಟ್ಟೆಯಲ್ಲಿ ಎರಡು ಸೀರೆಗಳ ಬಣ್ಣ ಬೆರೆತು ಇಬ್ಬರೂ ಒಬ್ಬರೇ ಆಗಿದ್ದರು.

ರಾಯರು ಬೆರಗಾಗಿ ನಿಂತರು. ಗ್ರಂಥಾಲಯದ ಆ ದಪ್ಪ ಪುಸ್ತಕದಲ್ಲಿ ಕೂಡ ಅವರು ಇಂಥದ್ದನ್ನು ನೋಡಿರಲಿಲ್ಲ. ಇದನ್ನು ತೆಗೆದದ್ದು ತಾವೇ, ಆದರೂ ತಾವು ತೆಗೆಯಲಿಲ್ಲ. ತಾವು ನೋಡದೇ ಇದ್ದದ್ದನ್ನು ಹಂಡೆ ನೋಡಿತ್ತು. ಅವರಿಗೆ ಆ ಪಾತ್ರೆಗೆ ಕೈ ಮುಗಿಯಬೇಕು ಎನ್ನಿಸಿತು.

ತುಂಗಾಬಾಯಿ ತಂಗಿಯ ಸೆರಗು ಹಿಡಿದು ಎಳೆದರು. "ರಂಗೂ, ಅವ್ವ ನೋಡ್ಯಾಳ."

"ಹೌದಕ್ಕಾ" ಎಂದರು ರಂಗೂಬಾಯಿ. ಆಮೇಲೆ ಇಬ್ಬರೂ ಮತ್ತೆ ಅತ್ತರು, ಈ ಸಲ ಎರಡೂ ಕಣ್ಣಿನಿಂದ. ರಾಯರು ಮೊಬೈಲಿಗೆ ಕೈ ಹಾಕಲಿಲ್ಲ. ಗೌತಮಿ ಅವರ ಪಕ್ಕಕ್ಕೆ ಬಂದು ಮುಂಗೈ ಹಿಡಿದುಕೊಂಡಳು.

ಸಂಜೆಯ ಬಸ್ಸಿನಲ್ಲಿ ಹಂಡೆ ಕಿಟಕಿಯ ಪಕ್ಕದ ಸೀಟಿನಲ್ಲಿ ಕೂತು ಬಾಗೇವಾಡಿಗೆ ಹೋಯಿತು. ಚಿತ್ರ ಇಂಡಿಯಲ್ಲಿ ಉಳಿಯಿತು. ಅದನ್ನು ದೊಡ್ಡದು ಮಾಡಿ ಕಟ್ಟು ಹಾಕಿಸಲು ರಾಯರು ತಲೆ ತಗ್ಗಿಸಿಕೊಂಡು ಹಾಜಿಮಲಂಗನ ಸ್ಟುಡಿಯೋಕ್ಕೇ ಹೋಗಬೇಕಾಯಿತು.

"ಏನ್ ಹೊಡದೀರಿ ಸಾಹೇಬ್ರ!" ಎಂದು ಹಾಜಿಮಲಂಗ ಬಾಯಿ ತೆರೆದು ನಿಂತ. "ನಾ ಬಂದಿದ್ರ ಫ್ಲ್ಯಾಶ್ ಹೊಡದು ಕೆಡಸತಿದ್ದೆ."

ರಾಯರು ದನಿ ತಗ್ಗಿಸಿದರು. "ಅದಿರ್ಲಿ. ನಡುವಿನ ಆ... ಟವೆಲ್ಲಿನ ಮನಶ್ಯಾನ್ನ ಕಂಪ್ಯೂಟರಿನಾಗ ಅಳಸ್ಲಿಕ್ಕೆ ಬರ್ತದೇನು?"

"ಬರ್ತೈತ್ರಿ. ಆದ್ರ ಅಮ್ಮಾರು ಮುಂಚೇನ ಫೋನ್ ಮಾಡ್ಯಾರ್ರಿ, ಅಳಿಯಂದ್ರು ಅಳಸು ಅಂತಾರ, ಅಳಸಬ್ಯಾಡ ಅಂತ."

ಹೀಗಾಗಿ ಇಂದಿಗೂ ಇಂಡಿಯ ಪಡಸಾಲೆಯಲ್ಲಿ, ಬಾಗಿಲಿಗೆ ಎದುರಾಗಿ, ಹಂಡೆ ಇದ್ದ ಜಾಗದ ಮೇಲೆಯೇ ಆ ಚಿತ್ರ ತೂಗುತ್ತಿದೆ. ಬಂದವರೆಲ್ಲ ನಿಂತು ನೋಡುತ್ತಾರೆ. ನಡುವೆ ನಾಲಿಗೆ ಚಾಚಿದವರು ಯಾರು ಎಂದು ಕೇಳುತ್ತಾರೆ. "ನಮ್ಮ ಅಳಿಯಂದ್ರು ರೀ. ಹಿಂದ ಏನು ನಡದದ ಅಂತ ಅವರಿಗೆ ಗೊತ್ತಿಲ್ಲ, ಫೋಟೋ ತಗೀಲಿಕತ್ತಾರ" ಎಂದು ರಂಗೂಬಾಯಿ ಅಭಿಮಾನದಿಂದ ಹೇಳುತ್ತಾರೆ.

ಮುಕ್ತಾ ಹೆತ್ತ ಸುದ್ದಿ ಬಂದಾಗ ರಾಯರು ಗೌತಮಿಯೊಡನೆ ಇಂಡಿಗೆ ಓಡಿದರು. ಎಲ್ಲರೂ ಕೂಸು ನೋಡಲು ಒಳಗೆ ಹೋದರು. ಪಡಸಾಲೆಯಲ್ಲಿ ರಾಯರೊಬ್ಬರೇ. ಬೆಳಗಿನ ಬಿಸಿಲು ಬಾಗಿಲಿನಿಂದ ಬಂದು ನೇರ ಚಿತ್ರದ ಮೇಲೆ ಬಿದ್ದಿತ್ತು, ಗಾಜಿನೊಳಗಿನ ಹಂಡೆ ಮತ್ತೊಮ್ಮೆ ಹೊತ್ತಿಕೊಂಡಂತೆ ಹೊಳೆಯುತ್ತಿತ್ತು. ರಾಯರು ಹೊಸ್ತಿಲಲ್ಲೇ ನಿಂತುಬಿಟ್ಟರು. ತಮ್ಮ ಮೂಗು, ತಮ್ಮ ನಾಲಿಗೆ ಯಾವುದೂ ಅವರಿಗೆ ಕಾಣಲಿಲ್ಲ. ಆ ಪುಟ್ಟ ಬಾಗಿಲು, ಆ ಹಿಟ್ಟಿನ ಕೈ, ಅಷ್ಟನ್ನೇ ನೋಡುತ್ತ, ಉಸಿರು ಕೂಡ ಮೆಲ್ಲಗೆ ಬಿಡುತ್ತ ನಿಂತರು.

ಬೆನ್ನ ಹಿಂದೆ ಏನೋ ಠಣ್ಣೆಂದಿತು. ತಿರುಗಿ ನೋಡಿದರೆ ಬಾಗೇವಾಡಿಯ ತುಂಗಾಬಾಯಿ! ಬಾಣಂತಿಗೆ ನೀರು ಕಾಯಿಸಲೆಂದು ತಾಯಿಯ ಹಂಡೆಯನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ಅಂಗಳದಲ್ಲಿ ನಿಂತಿದ್ದರು.

"ಬಾಗಿಲಾಗ ಯಾರದು?" ಎಂದರು ಮಾವಶಿ. "ಸರೀರಿ, ಬೆಳಕು ಬರ್ಲಿ!"

ರಾಯರು ಸರಿದು ನಿಂತರು.